ಕಾರಣದ ಪುಸ್ತಕ

ಎಲೆಕ್ಟ್ರಾ ಸ್ಟ್ರೀಟ್, ಅಬುಧಾಬಿ
9 ಜನವರಿ 2025, ಗುರುವಾರ

ತಂಗಿ ಬೀಫಾತಿಮಳ ಮಗಳು ಶಿಫಾನಾಳಿಗೆ ಮೊಯ್ದಿನಬ್ಬ ಮಾಮನ ಸಲಾಂ.

ಮಗಳೇ, ಈ ಕಾಗದವನ್ನು ನಾನು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅದರಲ್ಲಿ ಎಂತ ವಿಶೇಷ ಎಂದು ಕೇಳಬೇಡ. ಇಪ್ಪತ್ತೊಂಬತ್ತು ವರ್ಷ ಈ ಆಫೀಸಿನಲ್ಲಿ ಚಹಾ ಮಾಡಿದವನು ನಾನು. ಅಷ್ಟೂ ವರ್ಷ ಪ್ಯಾಂಟ್ರಿಯ ಗೋಡೆಗೆ ಒರಗಿ ನಿಂತಿದ್ದೇನೆ. ಈಗ ನನ್ನ ಕುರ್ಚಿಗೆ ಐದು ಚಕ್ರ ಉಂಟು, ಬೆನ್ನಿಗೆ ಬಲೆ ಉಂಟು, ಬದಿಯ ಹಿಡಿ ಎಳೆದರೆ ಲಿಫ್ಟಿನ ಹಾಗೆ ಮೇಲೆ ಹೋಗುತ್ತದೆ. ಮ್ಯಾನೇಜರ್ ಬಂದಾಗ ಸ್ವಲ್ಪ ಇಳಿಸಿಕೊಳ್ಳುತ್ತೇನೆ, ಮರ್ಯಾದೆಗೆ. ಅವರು ಹೋದ ಮೇಲೆ ಏರಿಸುತ್ತೇನೆ.

ಕಥೆ ಹೀಗೆ. ನಮ್ಮದು ಕಟ್ಟಡ ಗುಡಿಸಿ ಒರೆಸುವ ಕಂಪೆನಿ, ಆರುನೂರು ಜನ. ಯಾರಿಗೆ ಊರಿಗೆ ಹೋಗಲು ರಜೆ, ಯಾರಿಗೆ ಇಲ್ಲ ಎಂದು ಹೋದ ತಿಂಗಳಿಂದ ಕಂಪ್ಯೂಟರೇ ತೀರ್ಮಾನಿಸುತ್ತದೆ. ಆದರೆ ಅದು ಹೇಳಿದ್ದನ್ನು ಒಬ್ಬ ಮನುಷ್ಯ ನೋಡಿ ಒಪ್ಪಬೇಕು, ಪ್ರತಿ ತೀರ್ಮಾನದ ಕೆಳಗೆ ಅವನ ಹೆಸರು ಬೀಳಬೇಕು ಎಂದು ಹೆಡ್ ಆಫೀಸಿನ ಹುಕುಂ. ನಮ್ಮ ಮ್ಯಾನೇಜರ್ ದ್ವಾರಕನಾಥರು ಮೈಸೂರಿನವರು, ಬೆಣ್ಣೆಯಂಥ ಮಾತು. "ಮೊಯ್ದಿನಬ್ಬ ಅವ್ರೇ, ಆ ಮನುಷ್ಯ ನೀವೇ ಯಾಕಾಗ್ಬಾರ್ದು?" ಅಂದರು. ಆಫೀಸಿನಲ್ಲಿ ಐದು ಜನ ಎಂಬಿಎ ಓದಿದವರಿದ್ದಾರೆ. ಐವರೂ "ನಂಗೆ ಬೇಡ ಸಾರ್" ಅಂದರಂತೆ. ಜವಾಬ್ದಾರಿ ಅಂದರೆ ಅವರಿಗೆಲ್ಲ ಹೆದರಿಕೆ. ನಾಲ್ಕನೇ ಕ್ಲಾಸಿನ ಮೊಯ್ದಿನಬ್ಬನಿಗೆ ಎಂತ ಹೆದರಿಕೆ? ಇಂಗ್ಲಿಷ್ ನನಗೆ ನೀರು ಕುಡಿದ ಹಾಗೆ.

"ಯಾವ ತೀರ್ಮಾನ ಯಾಕಾಯ್ತು ಅಂತ ಒಂದು ಗುರುತು ಇಟ್ಕೊಂಡ್ರೆ ಒಳ್ಳೇದು" ಎಂದೂ ಅವರು ಅಂದಿದ್ದರು. ನಾನು ಇನ್ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ತಂದೆ. ಮೇಲೆ "ಕಾರಣದ ಪುಸ್ತಕ" ಎಂದು ಬರೆದೆ. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ವಾರದ ತೀರ್ಮಾನಗಳನ್ನೆಲ್ಲ ಅದರಲ್ಲಿ ಬರೆಯುತ್ತೇನೆ. ನಗಬೇಕಾದರೆ ಎರಡು ಓದು:

"ಗಾಜು ಒರೆಸುವ ನೇಪಾಳಿ. ರಜೆ ಉಂಟು. ಕಾರಣ: ನನ್ನನ್ನು ಸಾರ್ ಎಂದು ಕರೆದ."
"ಲಾಂಡ್ರಿಯ ಪಂಜಾಬಿ. ರಜೆ ಇಲ್ಲ. ಕಾರಣ: ಮೀಸೆ."

ನಿನ್ನ ತಮ್ಮ ಹಾಶಿಮನಿಗೂ ಹೇಳು, ಮಾಮ ಈಗ ಎಲ್ಲಿ ಕೂತಿದ್ದಾರೆ ಎಂದು. ನಮ್ಮ ಡ್ರೈವರ್ ಶಾನವಾಝ್ ಗುರುವಾರ ದುಬೈಗೆ ಬಂದು ಸೋಮವಾರ ವಾಪಸು ಬರುತ್ತಾನೆ. ಉತ್ತರ ಅವನ ಕೈಯಲ್ಲಿ ಕೊಡು.

ನಿನ್ನ ಮಾಮ,
ಮೊಯ್ದಿನಬ್ಬ (ಅಧಿಕಾರಿ)


ಅಲ್ ನಹ್ದಾ, ದುಬೈ
12 ಜನವರಿ 2025

ಪ್ರೀತಿಯ ಮಾಮನಿಗೆ ಸಲಾಂ.

ಕಾಗದ ಓದಿ ಬಹಳ ನಗು ಬಂತು. ಉಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ನನ್ನ ಅಣ್ಣ ಹಾಗೆಯೇ" ಅಂದರು.

ನನ್ನ ಆಫೀಸಿನ ಕೆಲಸ ಎಂದಿನಂತೆ, ಹೇಳಿಕೊಳ್ಳುವಂಥದ್ದು ಏನಿಲ್ಲ. ನಿಮ್ಮದೇ ಸ್ವಾರಸ್ಯ. ಇನ್ನೂ ಬರೆಯಿರಿ. ಆದರೆ ಮಾಮ, ಫೋನಿನಲ್ಲಿ ಹೇಳಬೇಡಿ. ಬರೆದು, ತಾರೀಕು ಹಾಕಿ, ಸಹಿ ಮಾಡಿ ಕಳಿಸಿ. ಫೋನಿನಲ್ಲಿ ಹೇಳಿದ್ದು ಉಳಿಯುವುದಿಲ್ಲ.

ಒಂದು ಬೇಡಿಕೆ. ಹಾಶಿಮನಿಗೆ ಗಲ್ಫಿನ ಆಸೆ ಹಚ್ಚಬೇಡಿ. ಪುತ್ತೂರಿನ ಬಸ್ ಡಿಪೋದಲ್ಲಿ ಅವನಿಗೆ ಮೆಕ್ಯಾನಿಕ್ ಕೆಲಸ ಕಾಯಂ ಆಗಿ ಆರು ತಿಂಗಳೂ ಆಗಿಲ್ಲ. ಆ ಆಸೆಯಲ್ಲಿ ನಮ್ಮ ಉಪ್ಪನಿಗೆ ಆದದ್ದು ನಿಮಗೆ ನೆನಪಿರಬಹುದು.

ಶಿಫಾನಾ


ಎಲೆಕ್ಟ್ರಾ ಸ್ಟ್ರೀಟ್
6 ಫೆಬ್ರವರಿ 2025, ಗುರುವಾರ

ಮಗಳೇ,

ನಿನ್ನ ಉಪ್ಪ, ನನ್ನ ಭಾವ, ಒಳ್ಳೆಯ ಮನುಷ್ಯ, ಪಾಪ. ಹಳೆಯದೆಲ್ಲ ಬಿಡು. ಹೊಸತು ಕೇಳು.

ಜೋಸ್ಫಿನ್ ಎಂದು ಒಬ್ಬಳಿದ್ದಾಳೆ. ಶಿರ್ವದವಳು, ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನಲ್ಲಿ ನೆಲ ಒರೆಸುತ್ತಾಳೆ. ಮೂರು ವರ್ಷದ ಹಿಂದೆ ಕ್ರಿಸ್ಮಸ್ ಕೇಕ್ ತಿನ್ನಲು ಎಲ್ಲರೂ ಆಫೀಸಿನಲ್ಲಿ ಸೇರಿದ್ದಾಗ ನನ್ನ ಚಹಾ ಕುಡಿದು, "ಕಾಕಾ, ಇದು ಪಾತ್ರೆ ತೊಳೆದ ನೀರಾ?" ಎಂದಿದ್ದಳು. ಇಡೀ ಆಫೀಸು ನಕ್ಕಿತ್ತು. ನಾನೂ ನಕ್ಕಿದ್ದೆ. ಮರೆತಿರಲಿಲ್ಲ.

ಮೊನ್ನೆ ಮಂಗಳವಾರ ಅವಳು ಯೂನಿಫಾರ್ಮಿನಲ್ಲೇ ಬಂದು ನನ್ನ ಕುರ್ಚಿಯ ಎದುರು ನಿಂತಳು.

"ಕಾಕಾ, ಅಮ್ಮ ಉಡುಪಿ ಆಸ್ಪತ್ರೆಯಲ್ಲಿದ್ದಾರೆ. ಎರಡ್ನೇ ಸಲ ಅರ್ಜಿ ಹಾಕಿದ್ದು. ಪುನಃ ಕೆಂಪು ಬಂತು."

"ಬರ್ತದೆ ಮತ್ತೆ," ಅಂದೆ. "ಕೆಂಪು ಚಂದದ ಬಣ್ಣ ಅಲ್ವಾ?"

"ತಮಾಷೆ ಮಾಡ್ಬೇಡಿ ಕಾಕಾ. ನನ್ನ ತಂಗಿ ದಿನಾ ಅಳ್ತಾಳೆ ಫೋನ್ ಮಾಡಿ. ಡಾಕ್ಟ್ರು ಹದಿನೈದು ದಿನ ಅಂದಿದ್ದಾರಂತೆ."

"ಡಾಕ್ಟ್ರಿಗೆ ಎಂತ ಗೊತ್ತುಂಟು? ಹೋಗು, ಪ್ಯಾಂಟ್ರಿಗೆ ಹೋಗಿ ಒಂದು ಚಹಾ ಮಾಡಿ ತಾ."

ಹೋದಳು, ಮಗಳೇ! ಮಾಡಿ ತಂದಳು. ಸಾಸರಿಗೆ ಸ್ವಲ್ಪ ಚೆಲ್ಲಿತ್ತು. ಒಂದು ಗುಟುಕು ಕುಡಿದು, "ಪಾತ್ರೆ ತೊಳೆದ ನೀರು. ಇನ್ನೊಂದು ಮಾಡು," ಅಂದೆ. ಹೀಗೆ ಮೂರು ಚಹಾ. ಮೂರನೆಯದನ್ನು ಪೂರ್ತಿ ಕುಡಿದು, "ನೋಡುವ," ಎಂದು ಕಳಿಸಿದೆ. ಪುಸ್ತಕದಲ್ಲಿ ಬರೆದೆ: "ಜೋಸ್ಫಿನ್. ರಜೆ ಇಲ್ಲ. ಕಾರಣ: ಚಹಾಕ್ಕೆ ಹೆಸರಿಟ್ಟಳು."

ಆರುನೂರು ಜನ ಈಗ ನನ್ನ ಮುಖ ನೋಡಿ ಮಾತಾಡುತ್ತಾರೆ.

ಮಾಮ, ಮೊಯ್ದಿನಬ್ಬ


ಅಲ್ ನಹ್ದಾ, ದುಬೈ
9 ಫೆಬ್ರವರಿ 2025

ಪ್ರೀತಿಯ ಮಾಮನಿಗೆ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಬರೆಯುವ ಕಲೆ ನಿಮಗೆ ಉಂಟು.

ಒಂದು ಮಾತ್ರ ಸ್ಪಷ್ಟವಾಗಲಿಲ್ಲ. ಜೋಸ್ಫಿನ್‌ಗೆ ರಜೆ ಇಲ್ಲ ಎಂದದ್ದು ಯಂತ್ರವಾ, ನೀವಾ? ಯಂತ್ರ ಕೆಂಪು ತೋರಿಸಿದಾಗ ಅದನ್ನು ಹಸಿರು ಮಾಡುವ ಅಧಿಕಾರ ನಿಮಗೆ ಉಂಟಾ? ಇದ್ದೂ ಮಾಡಲಿಲ್ಲವಾ? ಬಿಡಿಸಿ ಬರೆಯಿರಿ. ಉಪ್ಪ ಇದ್ದಿದ್ದರೆ ಇದನ್ನೆಲ್ಲ ಕೇಳಿ ನಿಮ್ಮ ಮೇಲೆ ಎಷ್ಟು ಅಭಿಮಾನ ಪಡುತ್ತಿದ್ದರೋ.

ಶಿಫಾನಾ


ಎಲೆಕ್ಟ್ರಾ ಸ್ಟ್ರೀಟ್
27 ಫೆಬ್ರವರಿ 2025, ಗುರುವಾರ

ಮಗಳೇ,

ಇದೆಂಥ ಪ್ರಶ್ನೆ? ಯಂತ್ರ ಅಂದರೆ ಅದೊಂದು ಕತ್ತೆ. ಹಿಂದೆ ನಿಂತು ಓಡಿಸುವವನು ನಾನು. ಕೆಂಪು ಬೇಕಾದರೆ ಕೆಂಪು, ಹಸಿರು ಬೇಕಾದರೆ ಹಸಿರು. ಜೋಸ್ಫಿನ್‌ಗೆ ಮೂರನೇ ಸಲವೂ ಕೆಂಪು ಕೊಟ್ಟವನು ನಾನೇ. ಬೇಕಾದರೆ ಎದೆ ತಟ್ಟಿ ಹೇಳುತ್ತೇನೆ. ನೀನು ಕೇಳಿದೆ ಎಂದು ಬಿಡಿಸಿ ಬರೆದಿದ್ದೇನೆ, ಕೆಳಗೆ ಸಹಿಯೂ ಉಂಟು.

ಅವಳ ಅಮ್ಮ ಹದಿನೈದನೇ ತಾರೀಕು ಶನಿವಾರ ತೀರಿಕೊಂಡರಂತೆ. ಭಾನುವಾರ ಇಗರ್ಜಿಯಲ್ಲಿ ಮಣ್ಣು ಮಾಡಿದರು. ಮಂಗಳವಾರ ಅವಳಿಗೆ ಹಸಿರು ಬಂತು, ಇಪ್ಪತ್ತೊಂದು ದಿನ ರಜೆ. ನಾನೇ ಕೊಟ್ಟದ್ದು ಎಂದು ಇಟ್ಟುಕೋ. ಅವಳು ಹೋಗಲಿಲ್ಲ. ದಿನಾ ಕೆಲಸ ಮುಗಿಸಿ ಇಲ್ಲಿಗೆ ಬಂದು ನನ್ನ ಕುರ್ಚಿಯ ಎದುರಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಹೋಗುತ್ತಾಳೆ. ನಾನು ಕುರ್ಚಿಯನ್ನು ಆ ಬದಿಗೆ ತಿರುಗಿಸಿ ಕೂರುತ್ತೇನೆ. ಚಕ್ರ ಇರುವುದು ಅದಕ್ಕೇ ಅಲ್ಲವಾ.

ನಾಡಿದ್ದಿನಿಂದ ಉಪವಾಸ ಶುರು ಎನ್ನುತ್ತಾರೆ. ನಮಾಜಿನ ದುಆದಲ್ಲಿ ನನ್ನನ್ನು ನೆನಪಿಟ್ಟುಕೋ.

ಮೊಯ್ದಿನಬ್ಬ


ಎಲೆಕ್ಟ್ರಾ ಸ್ಟ್ರೀಟ್
20 ಮಾರ್ಚ್ 2025, ಗುರುವಾರ

ಮಗಳೇ,

ಮೂರು ವಾರವಾಯಿತು, ನಿನ್ನ ಉತ್ತರ ಇಲ್ಲ. ಶಾನವಾಝ್ ಬರಿಗೈಯಲ್ಲಿ ಬಂದು ನಿಲ್ಲುತ್ತಾನೆ. ಉಪವಾಸದ ಆಯಾಸ ಇರಬಹುದು.

ಇಲ್ಲಿ ದೊಡ್ಡ ಗಲಾಟೆ. ಜೋಸ್ಫಿನ್ ಹೆಡ್ ಆಫೀಸಿಗೆ ದೂರು ಬರೆದಿದ್ದಾಳೆ. ಎರಡೇ ಪ್ರಶ್ನೆ: ನನ್ನ ರಜೆಯನ್ನು ಬೇಡ ಎಂದವರು ಯಾರು? ಯಾಕೆ? ಯಂತ್ರವನ್ನು ಪರೀಕ್ಷೆ ಮಾಡಲು ದುಬೈಯ ಒಂದು ಕಂಪೆನಿಗೆ ಕೊಟ್ಟಿದ್ದಾರಂತೆ. ಅವರು ಇಲ್ಲಿಗೆ ಬರುವುದಿಲ್ಲ, ಅಲ್ಲಿ ಕೂತೇ ನಮ್ಮ ಕಂಪ್ಯೂಟರಿನ ಹೊಟ್ಟೆ ನೋಡುತ್ತಾರೆ. ನೋಡಿದರೆ ಎಂತ ಉಂಟು? "ಯಾರು" ಎಂಬ ಜಾಗದಲ್ಲಿ ಪ್ರತಿ ಸಾಲಿಗೂ ನನ್ನ ಹೆಸರು. "ಯಾಕೆ" ಎಂಬ ಜಾಗ ಖಾಲಿ. ಕಾರಣ ಬರೆದಿಡುವ ಭಾಗವನ್ನು ದ್ವಾರಕನಾಥರು ಹಾಕಿಸಿಯೇ ಇರಲಿಲ್ಲವಂತೆ; ಹಾಕಿದರೆ ಯಂತ್ರ ನಿಧಾನವಾಗುತ್ತದೆ ಎಂದು. ಅವರ ಮುಖ ಕಪ್ಪಿಟ್ಟಿತ್ತು. "ಒಂದೇ ಒಂದು ಕಾರಣ ತೋರ್ಸಕ್ಕಾಗ್ಲಿಲ್ಲ ಅಂದ್ರೆ ನನ್ ಕಥೆ ಖಲಾಸ್," ಎಂದು ತಲೆ ಹಿಡಿದು ಕೂತಿದ್ದರು.

ನನಗೆ ತಡೆಯಲಾಗಲಿಲ್ಲ. "ಸಾರ್, ಕಾರಣ ನನ್ನತ್ರ ಉಂಟು!" ಅಂದೆ.

"ಎಲ್ಲಿ?"

"ಪುಸ್ತಕದಲ್ಲಿ. ಒಂದೂ ಬಿಡದೆ."

ಪುಸ್ತಕ ತೆಗೆದು ನಾಲ್ಕು ಪುಟ ಓದಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ಎದ್ದು ಬಂದು ನನ್ನನ್ನು ತಬ್ಬಿಕೊಂಡರು, ಮಗಳೇ! ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಆಫೀಸಿನಲ್ಲಿ ಯಾರೂ ನನ್ನನ್ನು ಮುಟ್ಟಿಯೂ ಇರಲಿಲ್ಲ. "ಮೊಯ್ದಿನಬ್ಬ ಅವ್ರೇ, ನೀವು ನನ್ನ ಪಾಲಿಗೆ ದೇವ್ರು," ಅಂದರು. ನಾನು ಉಪವಾಸ ಎಂಬುದು ಮರೆತು ನನಗೆ ಚಹಾ ತರಿಸಿದರು.

ಪರೀಕ್ಷೆಯವರಿಗೆ ಅದು ಇಂಗ್ಲಿಷಿನಲ್ಲಿ ಬೇಕಂತೆ. ನನಗೆ ಸಮಯ ಇಲ್ಲ, ನನ್ನವರೊಬ್ಬರು ಮಾಡಿಕೊಡುತ್ತಾರೆ ಎಂದಿದ್ದೇನೆ. ಪುಸ್ತಕವನ್ನು ಶಾನವಾಝ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಚಂದದ ಇಂಗ್ಲಿಷಿಗೆ ಹಾಕಿಕೊಡು. ತಮಾಷೆ ಇರುವಲ್ಲಿ ಸ್ವಲ್ಪ ಗಂಭೀರ ಮಾಡಿದರೆ ಒಳ್ಳೆಯದು.

ಮಾಮ


ಅಲ್ ನಹ್ದಾ, ದುಬೈ
23 ಮಾರ್ಚ್ 2025

ಮಾಮನಿಗೆ,

ಪುಸ್ತಕ ಸಿಕ್ಕಿತು. ನೂರ ಹದಿನಾಲ್ಕು ಪುಟ. ಅನುವಾದ ಶುರು ಮಾಡಿದ್ದೇನೆ. ಒಂದು ಶಬ್ದವನ್ನೂ ಬದಲಿಸುವುದಿಲ್ಲ.

ಶಿಫಾನಾ


ಎಲೆಕ್ಟ್ರಾ ಸ್ಟ್ರೀಟ್
3 ಏಪ್ರಿಲ್ 2025, ಗುರುವಾರ

ಮಗಳೇ ಶಿಫಾನಾ,

ಈದ್ ಮುಗಿಯಿತು. ಈ ಕಾಗದವನ್ನು ಓದಿ ಹರಿದುಹಾಕು.

ಪುಸ್ತಕವನ್ನು ಕೊಡಬೇಡ. ಅನುವಾದವನ್ನೂ ಕೊಡಬೇಡ. ಹಬ್ಬದ ಮರುದಿನ ಲೆಕ್ಕವಿಭಾಗದ ಲವಿನಾ ನನ್ನನ್ನು ಪ್ಯಾಂಟ್ರಿಗೆ ಕರೆದು ಮೆಲ್ಲ ಹೇಳಿದಳು: "ಕಾಕಾ, ಆ ಪುಸ್ತಕ ಪರೀಕ್ಷೆಯವ್ರ ಕೈಗೆ ಹೋದ್ರೆ ಮ್ಯಾನೇಜರ್ ಉಳೀತಾರೆ, ನೀವು ಹೋಗ್ತೀರಿ. ಐದು ಜನ ಯಾಕೆ ಬೇಡ ಅಂದದ್ದು ಅಂತ ಮಾಡಿದ್ರಿ?" ಅಲ್ಲಿಯವರೆಗೂ ನನ್ನ ತಲೆಗೆ ಹೋಗಿರಲಿಲ್ಲ.

ಈಗ ನಿಜ ಬರೆಯುತ್ತೇನೆ. ನಿನಗೊಬ್ಬಳಿಗೇ.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹೆಸರು ಗುರುತಿಸುತ್ತೇನೆ, ಅಷ್ಟೇ. ಪರದೆಯಲ್ಲಿ ಕೆಂಪೋ ಹಸಿರೋ ಮೊದಲೇ ಬಂದಿರುತ್ತದೆ. ಕೆಳಗೆ ಇರುವುದು ಒಂದೇ ಒಂದು ಗುಂಡಿ, ನೀಲಿ. ಅದನ್ನು ಒತ್ತುವುದೇ ನನ್ನ ಕೆಲಸ. ದಿನಕ್ಕೆ ನಲವತ್ತು ಸಲ ಒತ್ತುತ್ತೇನೆ. ಒತ್ತದಿದ್ದರೆ ಮುಂದಿನ ಹೆಸರು ಬರುವುದಿಲ್ಲ. ಯಾರಿಗೂ ನಾನು ರಜೆ ಕೊಟ್ಟದ್ದಿಲ್ಲ, ತಪ್ಪಿಸಿದ್ದೂ ಇಲ್ಲ. ಪುಸ್ತಕದ ಕಾರಣಗಳೆಲ್ಲ ಶುಕ್ರವಾರ ರೂಮಿನಲ್ಲಿ ಕೂತು ನಾನೇ ಕಟ್ಟಿದ್ದು. ಏನೂ ಅಲ್ಲದವನಿಗೆ ಅದೊಂದು ಖುಷಿ.

ಜೋಸ್ಫಿನ್ ಚಹಾ ಮಾಡಿದ್ದು ಮಾತ್ರ ನಿಜ. ಅವಳನ್ನು ಮೂರು ಸಲ ಪ್ಯಾಂಟ್ರಿಗೆ ಕಳಿಸಿದ್ದು ಯಾಕೆ ಗೊತ್ತುಂಟಾ? ಅವಳು ಆಚೆ ಹೋದಾಗಲೆಲ್ಲ ನಾನು ಆ ಕೆಂಪಿನ ಮೇಲೆ ಒತ್ತಿ ಒತ್ತಿ ನೋಡಿದೆ. ಹನ್ನೊಂದು ಸಲ. ಎಲ್ಲಾದರೂ ಹಸಿರು ಆಗುತ್ತದಾ ಎಂದು. ಅರಬ್ಬಿಯವರು ಹೇಳುವ ಹಾಗೆ ಮಾಫಿ, ಇಲ್ಲವೇ ಇಲ್ಲ. ಆಗಲಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ ಎಂಬುದು ಅವಳಿಗೆ ಕಾಣಬಾರದು ಎಂದು ಚಹಾ ಕೆಟ್ಟದ್ದು ಅಂದೆ. ಚಹಾ ಚೆನ್ನಾಗಿತ್ತು.

ನಾನು ಹೇಳಿದರೆ ಯಾರೂ ನಂಬುವುದಿಲ್ಲ, ನೀನು ಓದಿದವಳು. ಮೊಯ್ದಿನಬ್ಬನ ಮಾತೆಲ್ಲ ಬೊಗಳೆ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದುಕೊಡು. ಕುರ್ಚಿ ಬೇಡ, ನನ್ನನ್ನು ಪುನಃ ಪ್ಯಾಂಟ್ರಿಗೆ ಹಾಕಲಿ. ಕಳ್ಳನ ಹಾಗೆ ಊರಿಗೆ ಹೋಗಲಾರೆ.

ನಿನ್ನ ಮಾಮ


ಅಲ್ ನಹ್ದಾ, ದುಬೈ
27 ಏಪ್ರಿಲ್ 2025

ಶ್ರೀ ಮೊಯ್ದಿನಬ್ಬ ಅವರಿಗೆ,

ವರದಿ ಗುರುವಾರ ಹೋಯಿತು. ನಾಳೆ ನಿಮ್ಮನ್ನು ಕರೆಯುತ್ತಾರೆ. ಅದಕ್ಕೆ ಮೊದಲು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ದುಬೈಯಲ್ಲಿ ಕೂತು ನಿಮ್ಮ ಕಂಪ್ಯೂಟರಿನ ಹೊಟ್ಟೆ ನೋಡುತ್ತಿರುವವಳು ನಾನು. ಯಂತ್ರಗಳ ತೀರ್ಮಾನ ಯಾರದು, ಯಾಕೆ ಎಂದು ಜಾಡು ಹಿಡಿದು ನೋಡುವುದೇ ನನ್ನ ಕೆಲಸ. ನಿಮ್ಮ ಮೊದಲ ಕಾಗದ ಬಂದ ವಾರವೇ ನಿಮ್ಮ ಕಂಪೆನಿಯ ವಾರ್ಷಿಕ ಪರೀಕ್ಷೆಯ ಫೈಲು ನನ್ನ ಮೇಜಿಗೆ ಬಂದಿತ್ತು; ಜೋಸ್ಫಿನ್ ಬರೆದ ದೂರೂ ಆಮೇಲೆ ಅದಕ್ಕೇ ಸೇರಿತು. ಆ ಕಂಪೆನಿಯಲ್ಲಿ ನನ್ನ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು ಒಂದು ಫಾರ್ಮಿನಲ್ಲಿ ಕೇಳಿದ್ದರು. ಇಲ್ಲ ಎಂದು ಬರೆದೆ.

ಗುಂಡಿ ಒಂದೇ ಎಂಬುದು ನನಗೆ ಫೆಬ್ರವರಿಯಲ್ಲೇ ಗೊತ್ತಿತ್ತು. ಜೋಸ್ಫಿನ್‌ಗೆ ರಜೆ ಸಿಗದ ಕಾರಣವೂ ಗೊತ್ತು. ಅವಳ ಟವರಿನ ಫೆಲ್ಸಿ ಎಂಬವಳು ಆಗಲೇ ರಜೆಯಲ್ಲಿದ್ದಳು. ಒಂದು ಕಟ್ಟಡದಿಂದ ಒಂದು ಹೊತ್ತಿಗೆ ಒಬ್ಬರೇ ಎಂದು ದ್ವಾರಕನಾಥರು ಯಂತ್ರಕ್ಕೆ ಹೇಳಿಕೊಟ್ಟಿದ್ದರು. ಅಮ್ಮ ತೀರಿದ ಮೇಲಿನ ಮಂಗಳವಾರ ಫೆಲ್ಸಿ ವಾಪಸು ಬಂದಳು, ಜೋಸ್ಫಿನ್‌ಗೆ ಹಸಿರು ಬಂತು. ಅಷ್ಟೇ ವಿಷಯ. ಅದನ್ನು ವರದಿಯಲ್ಲಿ ಹಾಕಿಲ್ಲ. ನಿಮ್ಮ ಪುಸ್ತಕವನ್ನು ನಾನೇ ಅನುವಾದಿಸಿದೆ, ನಾನೇ ಸ್ವೀಕರಿಸಿದೆ. ಜನವರಿ, ಫೆಬ್ರವರಿಯ ಮೂರು ಕಾಗದಗಳನ್ನೂ ಸೇರಿಸಿದೆ. ಏಪ್ರಿಲ್‌ನದ್ದನ್ನು ಸೇರಿಸಲಿಲ್ಲ. ಮೂರು ಚಹಾದ ಮಾತು ಬಂದಲ್ಲಿ ಕಾಗದವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ. ಆಮೇಲೆ ಹರಿದುಹಾಕಿದೆ, ನೀವು ಹೇಳಿದಂತೆಯೇ.

ಯಂತ್ರ ಸರಿಯಾಗಿದೆ, ನೌಕರನೊಬ್ಬ ತನ್ನ ಅಧಿಕಾರವನ್ನು ಹಗೆಗೆ ಬಳಸಿದ್ದಾನೆ ಎಂಬುದೇ ವರದಿಯ ತೀರ್ಮಾನ. ಎಲ್ಲರಿಗೂ ಸಮಾಧಾನವಾಗಿದೆ.

2008ರಲ್ಲಿ ನೀವು ರಜೆಯಲ್ಲಿ ಊರಿಗೆ ಬಂದು ನಮ್ಮ ಜಗಲಿಯಲ್ಲಿ ಕೂತು ಉಪ್ಪನಿಗೆ ಅಂದಿರಿ: "ವೀಸಾ ಎಂತದು ಮಾರಾಯ, ಅಲ್ಲಿ ನನ್ನ ಒಂದು ಮಾತು ಸಾಕು." ನೀವು ಆಗ ಚಹಾ ಮಾಡುತ್ತಿದ್ದಿರಿ. ಉಪ್ಪ ಉಪ್ಪಿನಂಗಡಿಯ ಬಸ್‌ಸ್ಟ್ಯಾಂಡಿನ ಟೈಲರ್ ಅಂಗಡಿಯನ್ನು ಬೇರೆಯವರಿಗೆ ಮಾರಿ ಹನ್ನೊಂದು ತಿಂಗಳು ಜಗಲಿಯ ಕಟ್ಟೆಯಲ್ಲಿ ಪೋಸ್ಟ್‌ಮ್ಯಾನನನ್ನು ಕಾದರು. ಆಮೇಲೆ ಅದೇ ಅಂಗಡಿಗೆ ಹೋಗಿ, ಅಂಗಡಿ ಕೊಂಡವನ ಕೈಕೆಳಗೆ ಕೂತು, ಸಾಯುವವರೆಗೆ ಗುಂಡಿ ಹೊಲಿದರು. ಒಂದು ದಿನವೂ ನಿಮ್ಮನ್ನು ಬೈಯಲಿಲ್ಲ.

ನಿಮ್ಮ ಒಂದು ಮಾತು ಸಾಕು ಎಂದಿದ್ದಿರಿ. ಸಾಕಾಯಿತು.

ಶಿಫಾನಾ


ಉಪ್ಪಿನಂಗಡಿ
19 ಜೂನ್ 2025, ಗುರುವಾರ

ಪ್ರೀತಿಯ ಮಗಳು ಶಿಫಾನಾಳಿಗೆ ಮೊಯ್ದಿನಬ್ಬ ಮಾಮನ ಸಲಾಂ.

ಫಾರ್ಮಿನಲ್ಲಿ ಇಲ್ಲ ಎಂದು ಬರೆದರೂ ನಾನು ನಿನ್ನ ಮಾಮನೇ. ಹಾಗಾಗಿ ಕ್ಷೇಮ ಸಮಾಚಾರ ಬರೆಯುವುದು ನನ್ನ ಕರ್ತವ್ಯ.

ನನ್ನನ್ನು ಕೆಲಸದಿಂದ ತೆಗೆದ ದಿನ ಜೋಸ್ಫಿನ್ ಕೆಳಗೆ ಬಾಗಿಲಲ್ಲಿ ನಿಂತಿದ್ದಳು. ಕಂಪೆನಿ ಅವಳಿಗೆ ಕೊಟ್ಟ ಉತ್ತರ ಕೈಯಲ್ಲಿತ್ತು, ನಿನ್ನ ಅನುವಾದದ ಆ ಸಾಲಿನೊಂದಿಗೆ. "ಅಮ್ಮನ ಮುಖ ನೋಡ್ಲಿಕ್ಕೆ ಬಿಡದ್ದು ಚಹಾಕ್ಕಾ ಕಾಕಾ?" ಎಂದು ಕೇಳಿದಳು. ನಾನಲ್ಲ, ಯಂತ್ರ ಎಂದು ಹೇಳಲು ಬಾಯಿ ತೆರೆದೆ. ಅವಳು ಆ ಕಾಗದವನ್ನು ನನ್ನ ಮುಖದ ಹತ್ತಿರ ಹಿಡಿದಳು. ಅದರಲ್ಲಿ ನನ್ನ ಹೆಸರು ಗುರುತಿಸಿ ಹೊರಗೆ ನಡೆದೆ.

ಕಳ್ಳನ ಹಾಗೆ ಊರಿಗೆ ಬರಬೇಕಾಗುತ್ತದೆ ಎಂದು ಹೆದರಿದ್ದೆ. ಸುಮ್ಮನೆ ಹೆದರಿದ್ದು, ಮಗಳೇ. ಕಳಿಸುವಾಗ ನಿನ್ನ ವರದಿಯ ಒಂದು ಪುಟವನ್ನೂ ಜೊತೆಗೆ ಕೊಟ್ಟಿದ್ದರು, ನಿನ್ನ ಸಹಿ, ಸೀಲು ಎಲ್ಲ ಇರುವುದು. ಬಕ್ರೀದಿನ ದಿನ ಮಸೀದಿ ಎದುರಿನ ಹೋಟೆಲಿನಲ್ಲಿ ಹಾಶಿಮ್ ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿ ಕನ್ನಡದಲ್ಲಿ ಹೇಳಿದ. "ಆರುನೂರು ನೌಕರರ ರಜೆಯ ಅಂತಿಮ ಅಧಿಕಾರ ಈ ಒಬ್ಬ ವ್ಯಕ್ತಿಯ ಕೈಯಲ್ಲಿತ್ತು."

"ಒಬ್ಬರ ಕೈಯಲ್ಲೇ ಇತ್ತಾ ಮೊಯ್ದಿನಬ್ಬಾಕ?" ಎಂದು ಪಕ್ಕದ ಮೇಜಿನವರೊಬ್ಬರು ಕೇಳಿದರು.

"ಇತ್ತು," ಅಂದೆ. "ಅಂಥ ಅಧಿಕಾರದವನನ್ನು ತೆಗೀಲಿಕ್ಕೆ ದುಬೈಯಿಂದ ಪರೀಕ್ಷೆಯವ್ರು ಬರ್ಬೇಕಾಯ್ತು."

ಈಗ ನನಗೆ ಎಲ್ಲಿ ಹೋದರೂ ಕುರ್ಚಿ ಎಳೆದು ಕೊಡುತ್ತಾರೆ. ಚಕ್ರ ಇಲ್ಲ, ಅಷ್ಟೇ.

ಹಾಶಿಮ್ ಸಂಜೆ ಮನೆಗೆ ಬಂದ. "ಮಾಮ, ಅಲ್ಲಿ ನಿಮ್ಮನ್ನು ಗೊತ್ತಿರುವವ್ರು ಇನ್ನೂ ಇದ್ದಾರಾ?" ಎಂದು ಕೇಳಿದ. ನೀನು ಬೇಡ ಎಂದಿದ್ದೆ, ನೆನಪಿತ್ತು. ನಾನಾಗಿ ಏನೂ ಹೇಳಲಿಲ್ಲ. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ: ಒಂದು ಮಾತು ಸಾಕು.

ನಿನ್ನ ಉಮ್ಮ ಕೂಗಾಡಿದಳು. "ಇವನ ಮಾತು ನಂಬಿ ನಿನ್ನ ಉಪ್ಪ ಹಾಳಾದ್ರು, ಈಗ ನೀನಾ?" ಎಂದು ಅತ್ತಳು. ಹಾಶಿಮ್ ಆ ಪುಟವನ್ನು ಅವಳ ಎದುರು ಹಿಡಿದ. "ಉಮ್ಮ, ಮಾಮ ಸುಳ್ಳು ಹೇಳ್ಬಹುದು. ಅಕ್ಕ ಹೇಳ್ತಾಳಾ?" ಅಂದ. ಅವಳು ನಿನ್ನ ಸಹಿಯ ಮೇಲೆ ಬೆರಳಿಟ್ಟು ನೋಡಿದಳು.

ಮೊನ್ನೆ ಸೋಮವಾರ ಅವನು ಡಿಪೋದ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಬೆಳಿಗ್ಗೆಯಿಂದ ಜಗಲಿಯಲ್ಲಿ, ನಿನ್ನ ಉಪ್ಪ ಕೂರುತ್ತಿದ್ದ ಕಟ್ಟೆಯಲ್ಲೇ ಕೂತಿರುತ್ತಾನೆ. ಪೋಸ್ಟ್‌ಮ್ಯಾನನ ಕಾಲ ಹೋಯಿತು, ಈಗ ಫೋನು ಹಿಡಿದು ಕಾಯುತ್ತಾನೆ. ಅದು ಸದ್ದು ಮಾಡಿದಾಗಲೆಲ್ಲ ಎದ್ದು ನಿಲ್ಲುತ್ತಾನೆ.

ಮಾಮನ ಕೈಯಲ್ಲಿ ಆಗಲೂ ಏನೂ ಇರಲಿಲ್ಲ, ಈಗಲೂ ಇಲ್ಲ, ಆ ವರದಿ ಸುಳ್ಳು ಎಂದು ಹೇಳಿದರೆ ಅವನು ಎದ್ದು ಡಿಪೋಕ್ಕೆ ಹೋದಾನು. ರಾಜೀನಾಮೆ ವಾಪಸು ತೆಗೆದುಕೊಳ್ಳಲು ಈ ತಿಂಗಳ ಕೊನೆಯವರೆಗೆ ಸಮಯ ಉಂಟಂತೆ. ಆದರೆ ನಾನು ಹೇಳಿದರೆ ಅವನು ನಂಬುವುದಿಲ್ಲ, ನೀನು ಓದಿದವಳು. ನೀನೇ ಹೇಳಬೇಕು. ಫೋನಿನಲ್ಲಿ ಹೇಳಬೇಡ ಮಗಳೇ. ಬರೆದು, ತಾರೀಕು ಹಾಕಿ, ಸಹಿ ಮಾಡಿ ಕಳಿಸು.

ನಿನ್ನ ಮಾಮ,
ಮೊಯ್ದಿನಬ್ಬ